ಮ್ಯಾಂಚೆಸ್ಟರಿಗೆ ನೀರುಣಿಸಿದ ನಾಡು

ಡ್ಯಾಫೊಡಿಲ್ ಎಂಬ ಹೂವನ್ನು ಕಣ್ಣಾರೆ ಕಾಣದೆಯೇ ಅದರ ಮೇಲಿನ ಪದ್ಯವನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಅದರ ಭಾವಾರ್ಥವನ್ನು ಬರೆದು ಉತ್ತೀರ್ಣರಾದ ತಲೆಮಾರುಗಳು ಕನ್ನಡನಾಡಿನಲ್ಲಿ ಒಂದೆರಡಲ್ಲ. ಸಂಪಿಗೆ ಕೇದಗೆಗಳ ನಡುವೆ ಹುಟ್ಟಿ ಬೆಳೆದ ಆ ವಿದ್ಯಾರ್ಥಿವೃಂದಕ್ಕೆ ಇಂಗ್ಲೆಂಡಿನ ವಾಯವ್ಯ ಮೂಲೆಯ ಸರೋವರ ಪ್ರಾಂತವು ಲಂಡನ್ ನಗರಕ್ಕಿಂತಲೂ ಮೊದಲು ಪರಿಚಯವಾಯಿತೆಂದರೆ ಅತಿಶಯೋಕ್ತಿಯಾಗದು. ಆ ಪರಿಚಯವೆಲ್ಲ ಒಬ್ಬ ಕವಿಯ ಮುಖಾಂತರ ಬಂದುದರಿಂದ, ಬೆಟ್ಟ, ನೀರು, ಮೋಡ, ಇವುಗಳ ನಡುವೆ ಒಬ್ಬಂಟಿಯಾಗಿ ಅಲೆಯುವ ಒಬ್ಬ ಮನುಷ್ಯ, ಇಷ್ಟೇ ಆ ನಾಡು ಎಂಬ ಚಿತ್ರವು ನಮ್ಮ ಮನಸ್ಸಿನಲ್ಲಿ ನೆಲೆನಿಂತಿತು. ಆದರೆ ವಿಲಿಯಂ ವರ್ಡ್ಸ್‌ವರ್ತ್ ಆ ಹೂಗಳನ್ನು ಕಂಡಾಗ ಒಬ್ಬಂಟಿಯಾಗಿರಲಿಲ್ಲ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ಅವನ ಜೊತೆಗೆ ತಂಗಿ ಡೊರೊತಿ ನಡೆಯುತ್ತಿದ್ದಳು. ಆ ದಿನದ ಹೂವನ್ನೂ ಗಾಳಿಯನ್ನೂ ಆಕೆ ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಮುಂದೆ ಅಣ್ಣನು ಪದ್ಯ ಕಟ್ಟಿದಾಗ ಅದರ ಅತ್ಯುತ್ತಮವಾದ ಎರಡು ಪಂಕ್ತಿಗಳು ತನ್ನ ಹೆಂಡತಿ ಮೇರಿಯವೆಂದು ಅವನೇ ಒಪ್ಪಿಕೊಂಡನು. ಮೂವರು ಸೇರಿ ಕಟ್ಟಿದ ಏಕಾಂತ ಅದು.

ಈ ನಾಡಿನ ಚರಿತ್ರೆಯನ್ನು ಓದುತ್ತ ಹೋದಂತೆ ಮತ್ತೆ ಮತ್ತೆ ಎದುರಾಗುವುದು ಇಂತಹ ಕಿಕ್ಕಿರಿದ ಏಕಾಂತವೇ. ನಿರ್ಜನವೆಂದು ತೋರುವ ಕಣಿವೆಗಳಲ್ಲಿ ಕುರಿ ಕಾಯುವವರು, ಗಣಿ ತೋಡುವವರು, ಮರ ಕಡೆಯುವವರು, ನೂಲುವವರು, ನಿರಾಶ್ರಿತರು, ಎಲ್ಲರೂ ಒಬ್ಬರ ಹಿಂದೊಬ್ಬರು ಬಂದು ನೆಲೆಸಿ, ಕೆಲವರು ಉಳಿದು, ಕೆಲವರು ಎದ್ದು ಹೋದರು. ಅವರಲ್ಲಿ ಬಹುಪಾಲು ಜನರ ಅದೃಷ್ಟದ ಕೀಲಿಕೈ ಕಣಿವೆಯಲ್ಲಿರದೆ ದಕ್ಷಿಣಕ್ಕೆ ನೂರು ಮೈಲಿಯ ಆಸುಪಾಸಿನಲ್ಲಿ, ಹೊಗೆ ಕಾರುವ ಒಂದು ನಗರದಲ್ಲಿ ಇತ್ತು. ಆ ನಗರದ ಹೆಸರು ಮ್ಯಾಂಚೆಸ್ಟರ್.

ಸರೋವರ ಪ್ರಾಂತವು ಬಹುಕಾಲ ವೆಸ್ಟ್‌ಮರ್ಲೆಂಡ್, ಕಂಬರ್ಲೆಂಡ್, ಲ್ಯಾಂಕಾಷೈರ್ ಎಂಬ ಮೂರು ಕೌಂಟಿಗಳಲ್ಲಿ ಹಂಚಿಹೋಗಿತ್ತು. 1974ರ ಏಪ್ರಿಲ್ 1ರಂದು ಆಡಳಿತದ ಅನುಕೂಲಕ್ಕಾಗಿ ಈ ಭಾಗಗಳನ್ನೆಲ್ಲ ಒಗ್ಗೂಡಿಸಿ ಕಂಬ್ರಿಯಾ ಎಂಬ ಹೊಸ ಕೌಂಟಿಯನ್ನು ಮಾಡಿದರು; ಅರ್ಧ ಶತಮಾನ ಕಳೆಯುವುದರೊಳಗಾಗಿ, 2023ರಲ್ಲಿ, ಅದನ್ನು ಮತ್ತೆ ಎರಡಾಗಿ ಒಡೆದು ಹಳೆಯ ಹೆಸರುಗಳಿಗೆ ಮರುಜೀವ ಕೊಟ್ಟರು. ಕಾಗದದ ಮೇಲಿನ ಈ ಕೂಡಿಸಿ ಕಳೆಯುವ ಲೆಕ್ಕ ನಮಗೂ ಹೊಸದಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡೋಣ. ನೆಲದ ಮೇಲಿನ ಹೆಸರುಗಳು ಹೆಚ್ಚು ಬಾಳಿಕೆಯವು. ಅಲ್ಲಿ ಬೆಟ್ಟವನ್ನು ‘ಫೆಲ್’ ಎನ್ನುವರು, ಹಳ್ಳವನ್ನು ‘ಬೆಕ್’, ಗುಡ್ಡದ ಮೇಲಿನ ಕೊಳವನ್ನು ‘ಟಾರ್ನ್’. ಕಾಡು ಕಡಿದು ತೆರವು ಮಾಡಿದ ಭೂಮಿಯಲ್ಲಿ ಎದ್ದ ಊರಿನ ಹೆಸರು ‘ಥ್ವೇಟ್’ ಎಂದು ಮುಗಿಯುವುದು. ಇವೆಲ್ಲ ಸಾವಿರ ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನೆಲೆಸಿದ ನಾರ್ಸ್ ಜನರ ನುಡಿಗಳು. ಅವರಿಗಿಂತ ಹಿಂದೆ ಇಲ್ಲಿದ್ದವರು ವೇಲ್ಸ್ ಭಾಷೆಗೆ ಸೋದರಿಯಾದ ಒಂದು ಭಾಷೆಯನ್ನು ಆಡುತ್ತಿದ್ದರು. ಆ ಭಾಷೆ ಅಳಿಯಿತು, ಆದರೆ ಕುರಿ ಎಣಿಸುವ ಸಂಖ್ಯೆಗಳಲ್ಲಿ ಅದರ ಛಾಯೆ ಉಳಿದಿದೆಯೆಂದು ಹಲವರು ನಂಬುತ್ತಾರೆ. ಯಾನ್, ಟ್ಯಾನ್, ಟೆಥರಾ, ಮೆಥರಾ, ಪಿಂಪ್ ಎಂದು ಐದರವರೆಗೆ ಎಣಿಕೆ. ವೇಲ್ಸ್ ಭಾಷೆಯಲ್ಲಿ ಐದಕ್ಕೆ ‘ಪಿಂಪ್’ ಎಂದೇ ಉಚ್ಚಾರ. ರಾಜ್ಯ ಹೋಯಿತು, ಧರ್ಮ ಮಾರ್ಪಟ್ಟಿತು, ಭಾಷೆ ಮಣ್ಣಾಯಿತು. ಆದರೂ ಕುರುಬನ ಎಣಿಕೆ ಮಾತ್ರ ಬಾಯಿಂದ ಬಾಯಿಗೆ ದಾಟಿ ಬಂತೆಂಬ ಆ ನಂಬಿಕೆಯನ್ನು ಪಂಡಿತರ ಸಂದೇಹಕ್ಕೆ ಬಲಿಗೊಡಲು ನನಗಂತೂ ಮನಸ್ಸು ಬಾರದು.

ಕುರಿಯ ಮಾತು ಬಂದಿತಾದುದರಿಂದ ಹರ್ಡ್‌ವಿಕ್ ತಳಿಯನ್ನು ನೆನೆಯದೆ ಮುಂದೆ ಹೋಗಲಾಗದು. ಮರಿಯಾಗಿದ್ದಾಗ ಕಪ್ಪಾಗಿ, ಬೆಳೆದಂತೆ ಬೂದುಬಣ್ಣಕ್ಕೆ ತಿರುಗುವ ಈ ಕುರಿಗಳಿಗೆ ಬೇಲಿಯಿಲ್ಲದ ಬೆಟ್ಟದಲ್ಲಿ ತಮ್ಮ ತಮ್ಮ ಎಲ್ಲೆ ಗೊತ್ತು. ತಾಯಿಯ ಹಿಂದೆ ಅಲೆದ ಮರಿ ಆ ಎಲ್ಲೆಯನ್ನು ಕಲಿತು ತನ್ನ ಮರಿಗೆ ಕಲಿಸುವುದು. ಆದುದರಿಂದಲೇ ಅನೇಕ ಹೊಲಮನೆಗಳಲ್ಲಿ ಹಿಂಡು ಒಕ್ಕಲಿನದಾಗಿರದೆ ಜಮೀನಿನದಾಗಿರುತ್ತದೆ: ಒಕ್ಕಲು ಬದಲಾದರೂ ಹಿಂಡು ಅಲ್ಲೇ ಉಳಿಯತಕ್ಕದ್ದು. ಎಷ್ಟೇ ಬುದ್ಧಿವಂತ ಕುರಿಯಾದರೂ ಒಮ್ಮೊಮ್ಮೆ ದಾರಿ ತಪ್ಪುವುದುಂಟಷ್ಟೆ. ಅದಕ್ಕಾಗಿ ಕಿವಿಯಲ್ಲಿ ಕತ್ತರಿ ಗುರುತು, ಉಣ್ಣೆಯ ಮೇಲೆ ಬಣ್ಣದ ಗುರುತು. ಮಾರ್ಟಿಂಡೇಲ್ ಕಣಿವೆಯ ಜೋಸೆಫ್ ವಾಕರ್ ಎಂಬಾತ 1817ರಲ್ಲಿ ಈ ಗುರುತುಗಳನ್ನೆಲ್ಲ ಕಲೆಹಾಕಿ, ಪ್ರತಿಯೊಂದು ಮನೆಗೂ ಒಂದೊಂದು ಕುರಿಯ ಚಿತ್ರ ಬರೆಸಿ, ಪುಸ್ತಕವನ್ನೇ ಅಚ್ಚು ಹಾಕಿಸಿದನು. ಪ್ರತಿವರ್ಷವೂ ಕುರಿಗಾರರು ಗೊತ್ತಾದ ಒಂದು ಜಾಗದಲ್ಲಿ ಸೇರಿ ದಾರಿತಪ್ಪಿದ ಕುರಿಗಳನ್ನು ಅವುಗಳ ಒಡೆಯರಿಗೆ ಒಪ್ಪಿಸಿ, ಅನಂತರ ಕುಡಿದು ಹಾಡಿ ಮನೆಗೆ ಹೋಗುವರು. ಆ ಕೂಟದ ಒಂದು ಜಾಗಕ್ಕೆ ಒದಗಿದ ಗತಿಯನ್ನು ಮುಂದೆ ಹೇಳುವೆನು.

ಈ ಕುರಿಗಾರ ಒಕ್ಕಲುಗಳಿಗೆ ‘ಸ್ಟೇಟ್ಸ್‌ಮನ್’ ಎಂದು ಹೆಸರಿತ್ತು. ರಾಜಕಾರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಭೂಮಿ ಹೆಸರಿಗೆ ಜಮೀನುದಾರನದಾದರೂ ಗೊತ್ತಾದ ಅಲ್ಪ ಕಾಣಿಕೆಯನ್ನು ತೆತ್ತು ಮಗ ಮೊಮ್ಮಕ್ಕಳವರೆಗೆ ಅನುಭವಿಸಿಕೊಂಡು ಹೋಗುವ ಹಕ್ಕು ಅವರದಾಗಿತ್ತು. ನಮ್ಮ ಕರಾವಳಿಯ ಮೂಲಗೇಣಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸ್ಕಾಟ್‌ಲೆಂಡಿನ ದಾಳಿಗಳ ವಿರುದ್ಧ ಆಯುಧ ಹಿಡಿದು ಗಡಿ ಕಾಯಬೇಕೆಂಬುದು ಆ ಹಕ್ಕಿಗೆ ಪ್ರತಿಯಾದ ಕರ್ತವ್ಯವಾಗಿತ್ತು. 1603ರಲ್ಲಿ ಸ್ಕಾಟ್‌ಲೆಂಡಿನ ರಾಜನೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದಾಗ, ಗಡಿಯೇ ಇಲ್ಲದ ಮೇಲೆ ಗಡಿ ಕಾಯುವ ಹಕ್ಕೇಕೆ ಎಂದು ಕೇಳುವಷ್ಟು ಜಾಣತನ ಅವನಿಗೂ ಜಮೀನುದಾರರಿಗೂ ಇತ್ತು. ಕೆಂಡಲ್ ಸೀಮೆಯ ಒಕ್ಕಲುಗಳು ಬಗ್ಗಲಿಲ್ಲ. ವ್ಯಾಜ್ಯ ಸ್ಟಾರ್ ಚೇಂಬರ್ ಎಂಬ ರಾಜಸಭೆಯ ನ್ಯಾಯಸ್ಥಾನದವರೆಗೆ ಏರಿ, 1625ರಲ್ಲಿ ಒಕ್ಕಲುಗಳ ಪರವಾಗಿ ತೀರ್ಪಾಯಿತು. ಬಡವರು ಮೇಲಿನ ಕೋರ್ಟಿನಲ್ಲಿ ಗೆದ್ದ ಕತೆಗಳು ಎಲ್ಲ ದೇಶಗಳಲ್ಲೂ ಅಪರೂಪವಾದುದರಿಂದ ಇದನ್ನು ತಡೆದು ಹೇಳಿದೆನು.

ಆ ಕೆಂಡಲ್ ಪಟ್ಟಣ ಉಣ್ಣೆಯ ಬಟ್ಟೆಗೆ ಪ್ರಸಿದ್ಧವಾಗಿತ್ತು. ‘ಬಟ್ಟೆಯೇ ನನಗೆ ರೊಟ್ಟಿ’ ಎಂಬುದು ಪಟ್ಟಣದ ಲ್ಯಾಟಿನ್ ಧ್ಯೇಯವಾಕ್ಯದ ತಾತ್ಪರ್ಯ. ಲ್ಯಾಟಿನ್ನಿನಲ್ಲಿ ಆ ಎರಡು ಪದಗಳಿಗಿರುವ ಪ್ರಾಸ ಕನ್ನಡಕ್ಕೆ ಬಂದಾಗಲೂ ಕೆಡದೆ ಉಳಿದದ್ದು ನಮ್ಮ ಭಾಗ್ಯ. ಇನ್ನು ಉತ್ತರದ ಕೆಸ್ವಿಕ್ಕಿನ ರೊಟ್ಟಿ ಬಟ್ಟೆಯಿಂದ ಬರಲಿಲ್ಲ; ಕಲ್ಲಿನಿಂದ ಬಂತು. ಬೆಟ್ಟಗಳಲ್ಲಿ ತಾಮ್ರವಿದೆಯೆಂದು ತಿಳಿದ ಎಲಿಜಬೆತ್ ರಾಣಿ, ಗಣಿವಿದ್ಯೆಯಲ್ಲಿ ತನ್ನವರಿಗಿಂತ ಜರ್ಮನರು ನಿಪುಣರೆಂದು ಕಂಡು, 1560ರ ದಶಕದಲ್ಲಿ ಆಗ್ಸ್‌ಬರ್ಗಿನ ಡೇನಿಯಲ್ ಹೆಕ್‌ಸ್ಟೆಟರ್ ಎಂಬಾತನ ಮೂಲಕ ಅವರನ್ನು ಕರೆಸಿದಳು. 1568ರಲ್ಲಿ ಅದಕ್ಕಾಗಿ ರಾಜಾಜ್ಞೆಯ ಕಂಪನಿಯೊಂದು ಸ್ಥಾಪಿತವಾಯಿತು. ನ್ಯೂಲೆಂಡ್ಸ್ ಕಣಿವೆಯ ಸಮೃದ್ಧವಾದ ಗಣಿಗೆ ಆ ಜರ್ಮನರು ‘ದೇವರ ಕೊಡುಗೆ’ ಎಂಬರ್ಥದ ಹೆಸರಿಟ್ಟರು. ಊರವರ ನಾಲಗೆಯಲ್ಲಿ ಅದು ಗೋಲ್ಡ್‌ಸ್ಕೋಪ್ ಆಯಿತು. ಹೊರಗಿನವರೆಂಬ ದ್ವೇಷ ಮೊದಲು ಎಷ್ಟಿತ್ತೆಂದರೆ ಒಬ್ಬ ಜರ್ಮನನ ಕೊಲೆಯೇ ಆಯಿತು. ಡರ್ವೆಂಟ್ ಸರೋವರದ ನಡುಗಡ್ಡೆಯೊಂದನ್ನು ಕೊಂಡು ಅವರಲ್ಲಿ ಕೆಲವರು ಅಲ್ಲಿ ವಾಸ ಹೂಡಿದರು. ಆದರೆ ದ್ವೇಷಕ್ಕಿಂತ ಯೌವನ ಬಲವತ್ತರ: ಕ್ರಾಸ್‌ಥ್ವೇಟ್ ಚರ್ಚಿನ ದಾಖಲೆಯ ಪುಟಗಳಲ್ಲಿ ಸ್ವಲ್ಪ ಕಾಲದಲ್ಲಿಯೇ ಜರ್ಮನ್ ವರರೂ ಕಂಬರ್ಲೆಂಡಿನ ವಧುಗಳೂ ಸಾಲುಸಾಲಾಗಿ ಕಾಣಿಸಿಕೊಂಡರು.

ಅದೇ ಸುಮಾರಿನಲ್ಲಿ ಬಾರೋಡೇಲ್ ಕಣಿವೆಯ ಸೀಥ್ವೇಟ್ ಎಂಬಲ್ಲಿ ಕೈಗೆ ಮಸಿ ಹಿಡಿಯುವ ಒಂದು ಕರಿಯ ಕಲ್ಲು ದೊರೆಯಿತು. ಕುರಿಗಾರರು ಅದರಿಂದ ಕುರಿಗಳಿಗೆ ಗುರುತು ಹಾಕಿದರು. ಸರಕಾರ ಫಿರಂಗಿ ಗುಂಡಿನ ಅಚ್ಚುಗಳಿಗೆ ಅದನ್ನು ಸವರಿತು. ಬೇರೆಲ್ಲಿಯೂ ಅಷ್ಟು ಶುದ್ಧವಾಗಿ, ಅಷ್ಟು ಗಟ್ಟಿಯಾಗಿ ದೊರೆಯದ ಈ ಗ್ರಾಫೈಟ್ ಎಷ್ಟು ಬೆಲೆಬಾಳಿತೆಂದರೆ, ಗಣಿಯ ಬಾಯಲ್ಲಿ ಕಾವಲು ಹಾಕಿ, ಹೊರಬರುವ ಆಳಿನ ಬಟ್ಟೆಯನ್ನು ಶೋಧಿಸಿ, ಕೊನೆಗೆ 1752ರಲ್ಲಿ ಅದರ ಕಳವಿಗೆಂದೇ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಬೇಕಾಯಿತು. ಜನ ಅದನ್ನು ಕರಿಸೀಸವೆಂದು ತಿಳಿದಿದ್ದರು. ಅದು ಸೀಸವಲ್ಲ, ಇಂಗಾಲವೆಂದು 1779ರಲ್ಲಿ ಸ್ವೀಡನ್ನಿನ ರಸಾಯನಜ್ಞ ಷೀಲೆ ತೋರಿಸಿಕೊಟ್ಟನು. ವಿಜ್ಞಾನ ತಿದ್ದಿದರೂ ನಾಲಗೆ ತಿದ್ದಿಕೊಳ್ಳಲಿಲ್ಲ. ಹಳ್ಳಿಯ ಶಾಲೆಯಲ್ಲಿ ನಾವು ಗ್ರಾಫೈಟ್ ತುಂಬಿದ ಪೆನ್ಸಿಲನ್ನು ‘ಸೀಸದ ಕಡ್ಡಿ’ ಎಂದು ಕರೆದಾಗಲೆಲ್ಲ ಆ ಹಳೆಯ ಪ್ರಮಾದದ ಪಾಲುದಾರರಾಗಿದ್ದೆವು.

ದಕ್ಷಿಣದ ಕಾಡುಗಳ ಉದ್ಯಮ ಇನ್ನೊಂದು ಬಗೆಯದು, ಮತ್ತು ಅದರ ನೂಲಿನ ತುದಿ ನಮ್ಮವರೆಗೂ ಬರುತ್ತದೆ. ಲ್ಯಾಂಕಾಷೈರಿನ ಹತ್ತಿಗಿರಣಿಗಳಲ್ಲಿ ನೂಲನ್ನು ಸುತ್ತುವುದಕ್ಕೆ ಕೋಟ್ಯಂತರ ಮರದ ಉರುಳೆಗಳು ಬೇಕಾಗಿದ್ದುವು. ಬುಡ ಉಳಿಸಿ ಕಡಿದು, ಹದಿನೈದು ವರ್ಷ ಚಿಗುರಲು ಬಿಟ್ಟು ಮತ್ತೆ ಕಡಿಯುವ ಕಾಡೂ, ಚಕ್ರ ತಿರುಗಿಸುವ ಹಳ್ಳದ ನೀರೂ ಇದ್ದುದರಿಂದ ಸರೋವರ ಪ್ರಾಂತದಲ್ಲಿ ಉರುಳೆ ಕಡೆಯುವ ಕಾರ್ಖಾನೆಗಳು ಹತ್ತಾರು ಎದ್ದವು. ವಿಂಡರ್ಮಿಯರ್ ಸರೋವರದ ದಕ್ಷಿಣ ತುದಿಯ ಬಳಿ 1835ರಲ್ಲಿ ಕಟ್ಟಿದ ಸ್ಟಾಟ್ ಪಾರ್ಕ್ ಕಾರ್ಖಾನೆ 1971ರವರೆಗೂ ನಡೆದು, ಈಗ ವಸ್ತುಸಂಗ್ರಹಾಲಯವಾಗಿದೆ. ಮರದ ಪುಡಿಯಲ್ಲಿ ಕೆಮ್ಮುತ್ತ ಅಲ್ಲಿ ದುಡಿದವರಲ್ಲಿ ಅನಾಥಾಲಯಗಳಿಂದ ತಂದ ಹುಡುಗರೂ ಇದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿಯ ಸರಬರಾಯಿಯನ್ನು ಕಡಿದಾಗ ಮ್ಯಾಂಚೆಸ್ಟರಿನ ದೃಷ್ಟಿ ಧಾರವಾಡದ ಕರಿಮಣ್ಣಿನ ಮೇಲೆ ಬಿತ್ತು. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಕಂಪನಿ ಸರಕಾರ ನ್ಯೂ ಆರ್ಲಿಯನ್ಸಿನ ಬೀಜ ತಂದು ಅಲ್ಲಿ ಬಿತ್ತಿಸಿದ್ದಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಆ ಅರಳೆ ಹಡಗು ಹತ್ತುವುದಕ್ಕೆ ಕಾರವಾರದಲ್ಲಿ ಬಂದರಾಗಲಿ ಎಂದು ಮ್ಯಾಂಚೆಸ್ಟರಿನ ವರ್ತಕರು ಪಟ್ಟುಹಿಡಿದರು. 1862ರಲ್ಲಿ ಕಾರವಾರವನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತವನ್ನು ಬಿಟ್ಟು, ಧಾರವಾಡವಿದ್ದ ಮುಂಬಯಿ ಪ್ರಾಂತಕ್ಕೆ ಸೇರಿತು. ವಿಂಡರ್ಮಿಯರಿನ ದಡದಲ್ಲಿ ಕಡೆದ ಉರುಳೆಯ ಮೇಲೆ ಹುಬ್ಬಳ್ಳಿ ಸೀಮೆಯ ಹತ್ತಿ ನೂಲಾಗಿ ಸುತ್ತಿಕೊಂಡಿರಬಹುದು. ಸುತ್ತಿದ ಹುಡುಗಿಗೂ, ಬಿಡಿಸಿದ ಒಕ್ಕಲಗಿತ್ತಿಗೂ, ಕಡೆದ ಅನಾಥನಿಗೂ ಒಬ್ಬರನ್ನೊಬ್ಬರು ತಿಳಿಯುವ ಉಪಾಯವಿರಲಿಲ್ಲ.

ಗಿರಣಿಯ ಈ ನೂಲಿಗೆ ಎದುರುನೂಲು ಕೂಡ ಇದೇ ನಾಡಿನಲ್ಲಿ ಹುಟ್ಟಿತು. ಕಾನಿಸ್ಟನ್ ಸರೋವರದ ದಡದ ಬ್ರಾಂಟ್‌ವುಡ್ ಎಂಬ ಮನೆಯಲ್ಲಿ 1872ರಿಂದ ತನ್ನ ಕೊನೆಗಾಲದವರೆಗೆ ಬಾಳಿದ ಜಾನ್ ರಸ್ಕಿನ್ ಯಂತ್ರನಾಗರಿಕತೆಯ ಕಡುವೈರಿ. ಅವನ ವಿಚಾರದಿಂದ ಪ್ರೇರಿತನಾದ ಆಲ್ಬರ್ಟ್ ಫ್ಲೆಮಿಂಗ್ ಎಂಬ ವಕೀಲನು 1883ರಲ್ಲಿ ಪಕ್ಕದ ಲ್ಯಾಂಗ್‌ಡೇಲ್ ಕಣಿವೆಯಲ್ಲಿ, ಮೂಲೆ ಸೇರಿದ್ದ ಹಳೆಯ ರಾಟೆಗಳಿಗೆ ಮಾದರಿ ಹುಡುಕಿ, ಹೊಸವನ್ನು ಮಾಡಿಸಿ, ಮರಿಯನ್ ಟ್ವೆಲ್ವ್ಸ್ ಎಂಬ ಹೆಂಗಸಿನ ಮಾರ್ಗದರ್ಶನದಲ್ಲಿ ಹಳ್ಳಿಯ ಮುದುಕಿಯರಿಂದ ನಾರಗಸೆಯ ನೂಲು ನೂಲಿಸಿದನು. ಅದೇ ರಸ್ಕಿನ್ನನ ಪುಸ್ತಕವೊಂದನ್ನು 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಓದಿದರೆಂಬುದೂ, ಅದನ್ನು ‘ಸರ್ವೋದಯ’ವೆಂದು ಗುಜರಾತಿಗೆ ತಂದರೆಂಬುದೂ ಎಲ್ಲರಿಗೂ ತಿಳಿದ ವಿಷಯ. ಲ್ಯಾಂಗ್‌ಡೇಲಿನ ರಾಟೆಯಿಂದ ಸಾಬರಮತಿಯ ಚರಕ ಹುಟ್ಟಿತೆಂದು ಹೇಳುವ ಸಾಹಸ ನನಗಿಲ್ಲ. ಒಂದೇ ಗಿರಣಿಯ ಸದ್ದಿಗೆ ಭೂಮಿಯ ಎರಡು ಮೂಲೆಗಳಲ್ಲಿ ಎರಡು ರಾಟೆಗಳು ಉತ್ತರ ಕೊಟ್ಟುವು ಎಂದರೆ ಸಾಕು.

ಕೈಗಾರಿಕೆಯ ನಗರ ಈ ಕಣಿವೆಗಳಿಂದ ಮೊದಲು ಉರುಳೆ ಬೇಡಿತು, ಆಮೇಲೆ ವಿರಾಮ ಬೇಡಿತು, ಕಟ್ಟಕಡೆಗೆ ನೀರನ್ನು ಬೇಡಿತು. ವಿರಾಮದ ವಿಷಯದಲ್ಲಿ ವರ್ಡ್ಸ್‌ವರ್ತ್ ನಡೆದುಕೊಂಡ ರೀತಿ ಅವನ ಭಕ್ತರಿಗೆ ಸ್ವಲ್ಪ ಇರುಸುಮುರುಸಿನದು. ಸರೋವರಗಳನ್ನು ನೋಡುವವರಿಗಾಗಿ ತಾನೇ ಕೈಪಿಡಿ ಬರೆದು ಹಲವು ಆವೃತ್ತಿಗಳನ್ನು ಕಂಡ ಕವಿ, 1844ರಲ್ಲಿ ಕೆಂಡಲಿನಿಂದ ವಿಂಡರ್ಮಿಯರಿಗೆ ರೈಲು ಹಾಕುವ ಯೋಜನೆ ಹೊರಟಾಗ ಪತ್ರಿಕೆಗೆ ಕಾಗದ ಬರೆದು, ಗಿರಣಿಯ ಕೂಲಿಕಾರರನ್ನು ಗುಂಪುಗುಂಪಾಗಿ ತಂದು ಸುರಿದರೆ ಈ ಸೌಂದರ್ಯದಿಂದ ಅವರಿಗೇನೂ ಲಾಭವಾಗದೆಂದು ವಾದಿಸಿದನು. ಒಕ್ಕಲುಗಳನ್ನೂ ಭಿಕ್ಷುಕರನ್ನೂ ಕಾವ್ಯದೊಳಗೆ ಕರೆದ ಕವಿ ಕೂಲಿಕಾರನನ್ನು ಸರೋವರದ ದಡಕ್ಕೆ ಕರೆಯಲಾರದೆ ಹೋದನು. ರೈಲು 1847ರಲ್ಲಿ ಬಂದೇ ಬಂದಿತು.

ನೀರಿನ ಕತೆ ಇಷ್ಟು ಹಗುರವಲ್ಲ. ಕೊಳಚೆಯ ಕೇರಿಗಳಲ್ಲಿ ರೋಗದಿಂದ ನರಳುತ್ತ ದಿನೇ ದಿನೇ ಬೆಳೆಯುತ್ತಿದ್ದ ಮ್ಯಾಂಚೆಸ್ಟರಿಗೆ ಶುದ್ಧಜಲ ಬೇಕಾಗಿತ್ತು. ಆ ದಾಹವನ್ನು ದುರಾಶೆಯೆಂದು ಕರೆಯುವುದು ನ್ಯಾಯವಾಗದು. ನಗರಸಭೆಯ ಕಣ್ಣು ಥರ್ಲ್‌ಮಿಯರ್ ಎಂಬ ಕಿರಿದಾದ ಸರೋವರದ ಮೇಲೆ ಬಿತ್ತು. ರಸ್ಕಿನ್ ಮೊದಲಾದವರು ಕೂಗೆಬ್ಬಿಸಿದರು, ರಕ್ಷಣೆಗಾಗಿ ಸಂಘ ಕಟ್ಟಿದರು. ಇಂದಿನ ಪರಿಸರ ಚಳವಳಿಗಳಿಗೆ ಇದು ಪೂರ್ವಜ. ಆದರೂ 1879ರಲ್ಲಿ ಶಾಸನವಾಯಿತು. ಕಟ್ಟೆ ಎದ್ದು ನೀರು 50 ಅಡಿ ಏರಿ, ಸರೋವರದ ನಡುವಿನ ಸಣ್ಣ ಸೊಂಟವೂ, ಅದನ್ನು ದಾಟುತ್ತಿದ್ದ ಸೇತುವೆಯೂ, ದಡದ ಮನೆ ಹೊಲಗಳೂ ಒಳಗಾದುವು. ವರ್ಡ್ಸ್‌ವರ್ತ್, ಅವನ ಕವಿಮಿತ್ರ ಕೋಲ್ರಿಜ್, ಡೊರೊತಿ ಮೊದಲಾದವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೊರೆದಿದ್ದ ಬಂಡೆ ಸಿಡಿಮದ್ದಿಗೆ ಸಿಕ್ಕಿ ಚೂರಾಯಿತು. ಆರಿಸಿ ಜೋಡಿಸಿದ ತುಂಡುಗಳು ಈಗ ಗ್ರಾಸ್‌ಮಿಯರಿನಲ್ಲಿವೆ. 96 ಮೈಲಿಯ ಕಾಲುವೆಯಲ್ಲಿ, ಯಾವ ಯಂತ್ರದ ಸಹಾಯವೂ ಇಲ್ಲದೆ ಕೇವಲ ಇಳಿಜಾರಿನ ಬಲದಿಂದ, 1894ರ ಅಕ್ಟೋಬರಿನಲ್ಲಿ ನೀರು ಮ್ಯಾಂಚೆಸ್ಟರನ್ನು ಸೇರಿತು. ಕ್ರಾಸ್‌ಥ್ವೇಟಿನ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿಯವರು ಸರೋವರಗಳ ರಕ್ಷಣೆಗೆ ಹೆಣಗಿದವರಾದರೂ ಆರಂಭೋತ್ಸವದಲ್ಲಿ ಪಾಲುಗೊಂಡರು. ಅದಾದ ಮೂರು ತಿಂಗಳಿಗೆ, 1895ರ ಜನವರಿಯಲ್ಲಿ, ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಅವರೊಡನೆ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ಕೂಗಿ ತಡೆಯಲಾಗದುದನ್ನು ಕೊಂಡಾದರೂ ಉಳಿಸೋಣವೆಂಬುದು ಆ ಸಂಸ್ಥೆಯ ಮಾರ್ಗ.

ಮ್ಯಾಂಚೆಸ್ಟರಿನ ದಾಹ ಒಂದು ಸರೋವರದಿಂದ ತಣಿಯಲಿಲ್ಲ. 1919ರಲ್ಲಿ ಹಾಸ್‌ವಾಟರ್ ಎಂಬ ಇನ್ನೊಂದು ಸರೋವರಕ್ಕೆ ಸಂಬಂಧಿಸಿದ ಶಾಸನವಾಯಿತು. ಅದರ ತಲೆಯ ಭಾಗದಲ್ಲಿ ಮಾರ್ಡೇಲ್ ಎಂಬ ಕಣಿವೆ. ಒಂದು ಪುಟ್ಟ ಚರ್ಚು, ಡನ್ ಬುಲ್ ಎಂಬ ಹೆಸರಿನ ಒಂದು ಛತ್ರ, ಕೆಲವು ಹೊಲಮನೆಗಳು. ಜಾನ್ ರಾಜನ ಕೋಪಕ್ಕೆ ಹೆದರಿ ಹದಿಮೂರನೆಯ ಶತಮಾನದ ಆದಿಯಲ್ಲಿ ಇಲ್ಲಿಗೆ ಓಡಿಬಂದು ಗುಹೆಯಲ್ಲಿ ಅಡಗಿದನೆಂಬ ಪ್ರತೀತಿಯುಳ್ಳ ಹ್ಯೂ ಹೋಮ್ ಎಂಬಾತನ ವಂಶದವರನ್ನು ಊರವರು ‘ಮಾರ್ಡೇಲಿನ ರಾಜರು’ ಎಂದು ಕರೆಯುತ್ತಿದ್ದರು. 1885ರಲ್ಲಿ ಕೊನೆಯ ರಾಜ ತೀರಿಕೊಂಡುದರಿಂದ ರಾಜ್ಯದ ಮುಳುಗಡೆಯನ್ನು ಕಾಣುವ ದುರ್ದೈವ ಆ ವಂಶಕ್ಕೆ ಬರಲಿಲ್ಲ. ಕುರಿಗಾರರ ಕೂಟ ಡನ್ ಬುಲ್ಲಿನಲ್ಲಿ ಪ್ರತಿ ನವೆಂಬರಿನಲ್ಲೂ ಸೇರುತ್ತಿತ್ತೆಂದರೆ, ಹಿಂದೆ ಹೇಳುವೆನೆಂದ ಜಾಗ ಯಾವುದೆಂದು ಓದುಗರಿಗೆ ತಿಳಿದಂತಾಯಿತು.

1935ರ ಆಗಸ್ಟ್ 18ರಂದು ಮಾರ್ಡೇಲಿನ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಒಳಗೆ ಹಿಡಿಸುವುದು ಎಪ್ಪತ್ತು ಚಿಲ್ಲರೆ ಜನ ಮಾತ್ರವಾದುದರಿಂದ ಚೀಟಿ ಹಂಚಬೇಕಾಯಿತು. ಉಳಿದ ನೂರಾರು ಜನ ಹೊರಗೆ ಹುಲ್ಲಿನ ಮೇಲೆ ನಿಂತು ಕಾರ್ಲೈಲಿನ ಬಿಷಪ್ಪರ ಮಾತನ್ನು ಧ್ವನಿವರ್ಧಕದಲ್ಲಿ ಕೇಳಿದರು. ದೇವರ ಮನೆಗೆ ಅಂದು ಮೊದಲ ಬಾರಿಗೆ ಟಿಕೀಟು. ಕಡೆಯ ಬಾರಿಗೂ ಅದೇ. ಸ್ಮಶಾನದ 97 ದೇಹಗಳನ್ನು ಅಗೆದು ತೆಗೆದು ಷಾಪ್ ಊರಿನಲ್ಲಿ ಮತ್ತೆ ಹೂಳಿದರು. ಚರ್ಚಿನ ಕಲ್ಲುಗಳನ್ನೂ ಕಿಟಕಿಗಳನ್ನೂ ಕಳಚಿ ಜಲಾಶಯದಿಂದ ನೀರೆಳೆಯುವ ಗೋಪುರದಲ್ಲಿ ಸೇರಿಸಿದರು. ಮನೆಗಳನ್ನು ಸೈನ್ಯದವರು ಸಿಡಿಮದ್ದಿಟ್ಟು ಉರುಳಿಸಿದರು. ಆಮೇಲೆ ಸುಮಾರು 470 ಮೀಟರ್ ಉದ್ದದ ಕಟ್ಟೆಯ ಹಿಂದೆ ನೀರು ಮೆಲ್ಲಗೆ ಮೇಲೇರಿತು.

ಹಾಸನದ ಬಳಿ ಹೇಮಾವತಿಯ ಹಿನ್ನೀರಿನಲ್ಲಿ ಕತ್ತಿನವರೆಗೆ ಮುಳುಗಿ ನಿಂತ ಶೆಟ್ಟಿಹಳ್ಳಿಯ ಚರ್ಚನ್ನು ಕಂಡವರಿಗೆ ಮಾರ್ಡೇಲಿನ ಕತೆ ಪರದೇಶದ್ದೆನಿಸದು. ಭೇದವೊಂದಿದೆ: ಶೆಟ್ಟಿಹಳ್ಳಿಯಲ್ಲಿ ಕಟ್ಟಡ ಉಳಿದು ಊರು ಹೋಯಿತು, ಮಾರ್ಡೇಲಿನಲ್ಲಿ ಕಟ್ಟಡವನ್ನೂ ಉಳಿಸಲಿಲ್ಲ. ಬರಗಾಲದ ಬೇಸಗೆಗಳಲ್ಲಿ ನೀರು ತಗ್ಗಿದಾಗ, 1984ರಲ್ಲಿ, 1995ರಲ್ಲಿ, ಈಚೆಗೆ 2022ರಲ್ಲಿ, ಅಡಿಯಿಂದ ಮೇಲೆದ್ದು ಬರುವುದು ಹೊಲಗಳ ಕಲ್ಲುಗೋಡೆಗಳು, ಓಣಿಯ ಅಂಚುಗಳು, ಒಂದು ಸಣ್ಣ ಸೇತುವೆ. ಅದನ್ನು ನೋಡಲು ಕಾರುಗಳ ಸಾಲು ಹತ್ತುತ್ತದೆ. ಗೋಡೆ ಕಟ್ಟಿದವನ ಕೈಚಳಕ ಎಂಥದಿರಬೇಕು! ಸುಣ್ಣ ಗಾರೆಗಳಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ, ಹತ್ತಾರು ವರ್ಷ ನೀರಿನಡಿಯಲ್ಲಿದ್ದೂ ಜಾರಿಲ್ಲ.

ವಿಂಡರ್ಮಿಯರಿನ ದಡದಲ್ಲಿ ಇನ್ನೊಂದು ಊರು ಇತ್ತು, ಅದರ ಆಯುಸ್ಸು ಮಾರ್ಡೇಲಿನಷ್ಟು ದೀರ್ಘವಲ್ಲ. ಎರಡನೆಯ ಮಹಾಯುದ್ಧದಲ್ಲಿ ನೀರಿನ ಮೇಲಿಳಿಯುವ ಸಂಡರ್ಲೆಂಡ್ ವಿಮಾನಗಳನ್ನು ಕಟ್ಟುವ ಕಾರ್ಖಾನೆಯೊಂದು ಅಲ್ಲಿ ಎದ್ದು, ಅದರ ಕೆಲಸಗಾರರಿಗಾಗಿ ಕಾಲ್ಗಾರ್ತ್ ಎಂಬ ವಸತಿ ನಿರ್ಮಾಣವಾಯಿತು. ಯುದ್ಧ ಮುಗಿಯುತ್ತಲೇ ಅದರಲ್ಲಿ ಬಹುಭಾಗ ಬರಿದಾಯಿತು. 1945ರ ಆಗಸ್ಟ್ 14ರಂದು ಪ್ರಾಗ್ ನಗರದಿಂದ ಹೊರಟ ವಿಮಾನಗಳು ಕಾರ್ಲೈಲಿನ ಬಳಿಯ ನಿಲ್ದಾಣದಲ್ಲಿ ಇಳಿದುವು; ಅವುಗಳಲ್ಲಿ ಸುಮಾರು ಮುನ್ನೂರು ಯೆಹೂದಿ ಮಕ್ಕಳು, ನಾಟ್ಸಿ ಶಿಬಿರಗಳಿಂದ ಬದುಕಿ ಬಂದವರು, ಹೆಚ್ಚಿನವರಿಗೆ ತಂದೆತಾಯಿಗಳಿಲ್ಲ. ಅವರನ್ನು ಕಾಲ್ಗಾರ್ತಿಗೆ ಕರೆತಂದು ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ ಕೊಟ್ಟರು. ಮೇಜಿನ ಮೇಲೆ ಬ್ರೆಡ್ಡು ಬಂದಾಗ ಮಕ್ಕಳು ಕ್ಷಣದಲ್ಲಿ ಅದನ್ನೆಲ್ಲ ಬಾಚಿ ಅಂಗಿಯೊಳಗೆ ಅಡಗಿಸಿಕೊಂಡರೆಂದೂ, ಮತ್ತೆ ತಂದಿಟ್ಟರು, ಮತ್ತೆ ಮತ್ತೆ ತಂದಿಟ್ಟರೆಂದೂ, ನಾಳೆಯೂ ಬ್ರೆಡ್ಡು ಇರುತ್ತದೆಂಬ ನಂಬಿಕೆ ಹುಟ್ಟಿದ ಮೇಲೆಯೇ ಅಡಗಿಸುವುದು ನಿಂತಿತೆಂದೂ ಆ ಮಕ್ಕಳೇ ವೃದ್ಧರಾದ ಮೇಲೆ ನೆನೆಸಿಕೊಂಡಿದ್ದಾರೆ.

ಕೆಲವು ತಿಂಗಳಿದ್ದು ಅವರು ಚದುರಿದರು. ಕಾಲ್ಗಾರ್ತಿನ ಮನೆಗಳನ್ನು ಮುಂದೆ ಕೆಡವಿದರು. ಆ ಜಾಗದಲ್ಲಿ ಈಗ ಒಂದು ಶಾಲೆಯಿದೆ. ಅವರಲ್ಲಿ ಹಲವರು ಮ್ಯಾಂಚೆಸ್ಟರಿಗೆ ಹೋಗಿ ಕೆಲಸ ಕಲಿತು, ಮದುವೆಯಾಗಿ, ಮನೆ ಮಾಡಿದರು. ಅಲ್ಲಿ ಅವರ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಬರುತ್ತಿದ್ದುದು ಥರ್ಲ್‌ಮಿಯರಿನ ನೀರು.